ಶಾಂಭವಿ ಹೆಸರಿನ ಗುಳಿಗೆ

ಸಿರುಗುಪ್ಪದ ಆ ಕಲ್ಯಾಣ ಮಂಟಪದ ಮೆಟ್ಟಿಲನ್ನು ಶಾಂಭವಿ ಒಂದು ಸಲವೂ ಹತ್ತಿದವಳಲ್ಲ. ಆದರೆ ಕೋರ್ಟಿನಿಂದ ಬಂದ ಕಾಗದಗಳ ಪ್ರಕಾರ ಅವಳು ಅಲ್ಲಿಗೆ ಹನ್ನೊಂದು ಸಲ ಹೋಗಿ ಬಂದಿದ್ದಳು. ಪ್ರತಿ ತಿಂಗಳ ಎರಡನೇ ಭಾನುವಾರ ಬಳ್ಳಾರಿಯ ಒಂದು ಟ್ರಸ್ಟು ಅಲ್ಲಿ ನಡೆಸುವ ಮನೋರೋಗದ ಉಚಿತ ಕ್ಯಾಂಪಿನಲ್ಲಿ ಡಾಕ್ಟರಮ್ಮನ ಮುಂದೆ ಕೂತು ಅತ್ತಿದ್ದಳು, ಸುಮ್ಮನಿದ್ದಳು, ಒಂದು ತಿಂಗಳಿಗಾಗುವಷ್ಟು ಗುಳಿಗೆ ಕಟ್ಟಿಸಿಕೊಂಡು ಹೋಗಿದ್ದಳು.

ನೋಟೀಸು ಕುರುಗೋಡಿನ ತವರುಮನೆಗೆ ಬರಲಿಲ್ಲ. ಅವಳು ಕಲಿಸುತ್ತಿದ್ದ ಖಾಸಗಿ ಶಾಲೆಯ ವಿಳಾಸಕ್ಕೆ ಬೇಕೆಂದೇ ಬರೆಸಿದ್ದರು. ಅವಳು ಆಫೀಸಿಗೆ ಹೋಗುವಷ್ಟರಲ್ಲಿ ಲಕೋಟೆ ಒಡೆದಿತ್ತು. ಹೆಡ್‌ಮಾಸ್ಟರ್ ಹೊನ್ನೂರಪ್ಪ ಕನ್ನಡಕ ಒರೆಸುತ್ತ ಕೂತಿದ್ದರು.

"ತಪ್ಪಿ ಒಡದೀವಿ ನೋಡವ್ವ," ಎಂದರು. "ಕೇಸ್ ಮುಗಿಯೋತನ ಮನ್ಯಾಗ ಇರು. ಮಕ್ಕಳ ತಂದಿ-ತಾಯಿ ಎಲ್ಲಾರೂ ಒಂದ ನಮೂನಿ ಇರಂಗಿಲ್ಲ. ನೀ ಶಾಣ್ಯಾಕಿ ಅಂತ ನನಗ ಗೊತ್ತೈತಿ."

"ಗೊತ್ತಿದ್ರ ಹಂಗಂತ ಒಂದು ಕಾಗದದಾಗ ಬರದು ಕೊಡ್ರಿ ಸರ್."

ಹೊನ್ನೂರಪ್ಪ ಆಗಲೇ ಒರೆಸಿಟ್ಟಿದ್ದ ಕನ್ನಡಕವನ್ನು ಮತ್ತೆ ತೆಗೆದು ಒರೆಸತೊಡಗಿದರು.

ಗಂಡ ಜಂಬುನಾಥ ವಿಚ್ಛೇದನ ಕೇಳಿದ್ದ. ಹೆಂಡತಿಗೆ ವಾಸಿಯಾಗದ ಹುಚ್ಚು ಎಂಬುದು ಅವನ ಕಾರಣ. ಕ್ಯಾಂಪಿನ ಪುಸ್ತಕದ ಜೆರಾಕ್ಸು ಅವನ ಸಾಕ್ಷಿ. ಪಂಚಮಿ ಹಬ್ಬಕ್ಕೆ ಹೆಣ್ಣುಮಕ್ಕಳನ್ನು ತವರಿಗೆ ಕಳಿಸುವ ಪದ್ಧತಿಯಂತೆ ಎರಡು ವರ್ಷದ ಹಿಂದೆ ಅವಳನ್ನು ಕುರುಗೋಡಿಗೆ ಕಳಿಸಿದ್ದ. ಮತ್ತೆ ಕರೆಯಲು ಬರಲಿಲ್ಲ. ಫೋನು ಎತ್ತಲಿಲ್ಲ. ಅವನಿಗೆ ಬಳ್ಳಾರಿಯಲ್ಲಿ ಬೇರೆ ಸಂಬಂಧ ಗೊತ್ತಾಗಿದೆ, ಹುಡುಗಿಯ ಕಡೆಯವರು ಮೊದಲು ಹಳೆಯದನ್ನು ಬಿಡಿಸಿಕೊಂಡು ಬಾ ಅಂದಿದ್ದಾರೆ ಎಂದು ಸುದ್ದಿಯಿತ್ತು. ಬಿಡಿಸಿಕೊಳ್ಳಲಿ, ತನಗೂ ಆ ಮನೆ ಬೇಕಾಗಿಲ್ಲ ಎಂದು ಶಾಂಭವಿ ಸುಮ್ಮನಿದ್ದಳು. ಆದರೆ ತಾನು ಕೈತೊಳೆದುಕೊಳ್ಳಲು ಅವಳ ತಲೆಗೆ ಹುಚ್ಚು ಕಟ್ಟಿ ಊರಿನ ಮುಂದೆ ನಿಲ್ಲಿಸುತ್ತಾನೆ ಎಂದು ಅವಳು ಎಣಿಸಿರಲಿಲ್ಲ.

ಆ ದಿನದಿಂದ ಅವಳಿಗೆ ಒಂದೇ ಆಸೆ. ಅವನು ಬೀಳಬೇಕು. ಒಳಗಿನ ಕೋಣೆಯಲ್ಲಿ ನಾಲ್ಕು ಮಂದಿ ಕೂತು ಸರಿಮಾಡಿಕೊಳ್ಳುವಂತೆ ಅಲ್ಲ, ನ್ಯಾಯಾಧೀಶರ ಎದುರು, ಅವನ ಮಾತಿನಿಂದಲೇ ಅವನು ಬೀಳಬೇಕು. ರೊಟ್ಟಿ ಬಡಿಯುವಾಗ, ಬಟ್ಟೆ ಹಿಂಡುವಾಗ, ತಾಯಿ ಚನ್ನಬಸಮ್ಮ ಏನೋ ಕೇಳಿದ್ದಕ್ಕೆ ಹೂಂ ಅನ್ನುವಾಗಲೂ ಅವಳ ಮನಸ್ಸು ಅದನ್ನೇ ಮೆಲ್ಲುತ್ತಿತ್ತು.

ಬಳ್ಳಾರಿಯಲ್ಲಿ ಅವಳು ಹಿಡಿದ ವಕೀಲರ ಹೆಸರು ಎರ್ರಿಸ್ವಾಮಿ. ವಯಸ್ಸಾದವರು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ನಗಿಸುವವರು. ಕಾಗದ ನೋಡಿ ಮೊದಲು ಹೇಳಿದ್ದೇ ಇದು:

"ನನ್ನ ಹೆಸರಿನ್ಯಾಗ ಎರ್ರಿ ಐತಿ ತಾಯಿ. ತೆಲುಗಿನ್ಯಾಗ ಎರ್ರಿ ಅಂದ್ರ ಹುಚ್ಚು. ನಲವತ್ತು ವರ್ಷದಿಂದ ಕೋರ್ಟಿನ್ಯಾಗ ನಿಂತೀನಿ, ಒಬ್ಬನೂ ನನಗ ಹುಚ್ಚ ಅಂದಿಲ್ಲ. ಹೆಣ್ಣುಮಕ್ಕಳಿಗೆ ಅನ್ನಾಕ ಮಾತ್ರ ಭಾಳ ಲಗೂನ ಬಾಯಿ ಬರ್ತೈತಿ."

"ನಾ ಅಲ್ಲಿಗೆ ಹೋಗೇ ಇಲ್ಲ ಸಾಹೇಬ್ರ."

"ಭಾನುವಾರದ ಕ್ಯಾಂಪು. ಸಾಲಿ ಹಾಜರಿ ತೋರಿಸಿ ತಪ್ಪಿಸಿಕೊಳ್ಳಾಕ ಬರಂಗಿಲ್ಲ, ಅಷ್ಟು ಹುಷಾರದಾನ. ಮನ್ಯಾಗ ಇದ್ದಳು ಅಂತ ನಿಮ್ಮವ್ವ ಹೇಳಿದ್ರ, ತಾಯಿ ಅಲ್ಲೇನು, ಹೇಳ್ತಾಳ ಅಂತಾರ. ಡಾಕ್ಟ್ರು ರೊಕ್ಕ ತಿಂದು ಬರದಾರೋ ಏನೋ, ಅದನ್ನ ಹಿಡೀಬೇಕು."

ಕುರುಗೋಡಿನ ಬಸ್ಸಿನಲ್ಲಿ ಕೂತು ಅವಳು ಆ ಜೆರಾಕ್ಸನ್ನು ಮೊದಲ ಸಲ ಪೂರ್ತಿ ಓದಿದಳು. ಔಷಧಿಯ ಹೆಸರುಗಳು ಇಂಗ್ಲಿಷಿನಲ್ಲಿದ್ದವು, ಉಳಿದದ್ದು ಯಾರೋ ಕನ್ನಡದಲ್ಲಿ ದುಂಡಗೆ ಬರೆದದ್ದು. ಮುಂಜಾನೆ ಮೂರಕ್ಕೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ಊಟದ ರುಚಿ ತಿಳಿಯುವುದಿಲ್ಲ, ಸಾರಿಗೆ ಎರಡು ಸಲ ಉಪ್ಪು ಹಾಕಿ ಬೈಸಿಕೊಂಡಿದ್ದಾರೆ. ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ ಅನ್ನುತ್ತಾರೆ. ಹಿತ್ತಲ ಬಾವಿಯ ಕಡೆ ಹೋಗುವುದನ್ನು ಬಿಟ್ಟಿದ್ದಾರೆ. ಯಾಕೆಂದು ಕೇಳಿದಾಗ ಹತ್ತು ನಿಮಿಷ ಸುಮ್ಮನಿದ್ದರು.

ಶಾಂಭವಿ ಮತ್ತೆ ಮೊದಲಿಂದ ಓದಿದಳು. ದುಡ್ಡು ತಿಂದು ಬರೆಯುವವರು ಬಡಬಡಿಸಿದಳು, ಬಟ್ಟೆ ಹರಿದುಕೊಂಡಳು ಎಂದೆಲ್ಲ ಬರೆಯುತ್ತಾರೆ. ಹತ್ತು ನಿಮಿಷದ ಮೌನವನ್ನು ಯಾರು ಕಟ್ಟಿ ಬರೆಯುತ್ತಾರೆ? ಆ ಸುಮ್ಮನಿರುವಿಕೆ ನಿಜವಾದದ್ದು. ಸಿರುಗುಪ್ಪದ ಗಂಡನ ಮನೆಯಲ್ಲಿದ್ದ ಆರು ವರ್ಷ ತನಗೂ ಹೀಗೆಯೇ ಆಗುತ್ತಿತ್ತಲ್ಲ ಎನಿಸಿ, ಒಂದು ಗಳಿಗೆ ಅವಳಿಗೆ ತನ್ನ ಮೇಲೆಯೇ ಅನುಮಾನ ಬಂತು. ಹೋಗಿದ್ದೆನೇನೋ, ಮರೆತಿದ್ದೇನೇನೋ. ಈ ಅನುಮಾನವನ್ನೂ ಅವನೇ ಹುಟ್ಟಿಸಿದ್ದು ಎಂದು ಹೊಳೆದ ಕೂಡಲೇ ಅವಳ ಸಿಟ್ಟು ಇನ್ನೂ ಗಟ್ಟಿಯಾಯಿತು.

ಮುಂದಿನ ಎರಡನೇ ಭಾನುವಾರ ಡಾಕ್ಟರಮ್ಮನನ್ನು ಮುಖಾಮುಖಿ ಕೇಳಿಬಿಡಬೇಕೆಂದು ಸಿರುಗುಪ್ಪಕ್ಕೆ ಹೋದಳು.

ಮಂಟಪದ ವರಾಂಡದಲ್ಲಿ ಅರವತ್ತು ಎಪ್ಪತ್ತು ಹೆಂಗಸರು ಕೂತಿದ್ದರು. ಕೆಂಚನಗುಡ್ಡದಿಂದ, ಹೊಳೆಯಾಚೆಯ ಊರುಗಳಿಂದ ನಸುಕಿನಲ್ಲೇ ಹೊರಟು ಬಂದವರು. ಕೆಲವರು ಮನೆಯಲ್ಲಿ ಮಂಡಿನೋವಿನ ಕ್ಯಾಂಪು ಎಂದು ಹೇಳಿ ಬಂದಿದ್ದರು. ಬಾಗಿಲ ಬಳಿ ಮೇಜು ಹಾಕಿಕೊಂಡು ಆಶಾ ಕಾರ್ಯಕರ್ತೆ ಜಂಬಮ್ಮ ಪುಸ್ತಕಗಳನ್ನು ಹುಡುಕಿ ಹುಡುಕಿ ಕೊಡುತ್ತಿದ್ದಳು.

"ಹೆಸರು?"

"ಹುಲುಗಮ್ಮ ಬೇ."

"ಯಾವ ಹುಲುಗಮ್ಮ? ಇಲ್ಲೆ ಇಪ್ಪತ್ತಾರು ಹುಲುಗಮ್ಮಗೋಳು ಅದಾರ. ಗುರುತು ಹೇಳು."

"ಗದ್ದಕ್ಕ ಹಚ್ಚಿ ಐತಲ್ಲ, ಕಾಣಂಗಿಲ್ಲೇನು?"

"ಹಚ್ಚಿ ಹುಲುಗಮ್ಮ. ಹಂಗನ್ನಬೇಕವ್ವ. ಹೋದ ತಿಂಗಳು ನಿನ್ನ ಗುಳಿಗಿ ಸುಟ್ಟಗಾಯದ ಹುಲುಗಮ್ಮ ಒಯ್ದು ಮೂರು ದಿನ ಮಲಗೇ ಇದ್ದಳು."

ಹೆಂಗಸರು ನಕ್ಕರು. ಶಾಂಭವಿ ಮೇಜಿನ ಮುಂದೆ ನಿಂತು ತನ್ನ ಹೆಸರು ಹೇಳಿದಳು, ಗಂಡನ ಹೆಸರು ಹೇಳಿದಳು, ಪುಸ್ತಕ ಬೇಕು ಅಂದಳು. ಜಂಬಮ್ಮ ಕಟ್ಟಿನಿಂದ ಒಂದು ಪುಸ್ತಕ ಎಳೆದು, ಮೊದಲ ಪುಟ ನೋಡಿ, ಶಾಂಭವಿಯ ಕೈ ನೋಡಿದಳು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಳು.

"ನೀ ಶಾಂಭವಿ ಅಲ್ಲವ್ವ."

"ಏನಂದ್ರಿ?"

"ಶಾಂಭವಿಗೆ ಎಡಗೈ ಕಿರುಬೆರಳಿನ ತುದಿ ಇಲ್ಲ. ನಿನಗ ಹತ್ತೂ ನೆಟ್ಟಗ ಅದಾವ. ಯಾರದಾರ ಗುಳಿಗಿ ಒಯ್ಯಾಕ ಬಂದೀಯೇನು? ನಡಿ ಅತ್ತ, ಗದ್ಲ ಮಾಡಬ್ಯಾಡ."

ಶಾಂಭವಿ ಗದ್ದಲ ಮಾಡಲಿಲ್ಲ. ತಾನು ತಾನಲ್ಲ ಎಂದು ಇಷ್ಟು ಮಂದಿಯ ಮುಂದೆ ಅನ್ನಿಸಿಕೊಂಡು, ತೆಪ್ಪಗೆ ಕಂಬದ ಮರೆಗೆ ಹೋಗಿ ನಿಂತಳು. ಚೀಲದಿಂದ ಜೆರಾಕ್ಸು ತೆಗೆದಳು. ಮೊದಲ ಹಾಳೆಯ ಮೂಲೆಯಲ್ಲಿ, ತಾನೂ ವಕೀಲರೂ ಡಾಕ್ಟರ ಗೀಚಾಟ ಎಂದುಕೊಂಡಿದ್ದ ಕಡೆ, ಮಸುಕಾಗಿ ಬರೆದಿತ್ತು: ಗು. ಎ. ಕಿರುಬೆರಳು ತುದಿ ಇಲ್ಲ. ಗುರುತು, ಎಡಗೈ.

ಕಿರುಬೆರಳಿನ ತುದಿ ಇಲ್ಲದವರು ಆ ಮನೆಯಲ್ಲಿ ಒಬ್ಬರೇ. ಜಂಬುನಾಥನ ಅಕ್ಕ ಸುನಂದಾ. ಶ್ಯಾವಿಗೆ ಮಷಿನ್ನಿಗೆ ಕೈ ಕೊಟ್ಟು ಕಳೆದುಕೊಂಡದ್ದು. ರೂಪನಗುಡಿಯಲ್ಲಿ ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದವಳು. ಅವನ ರೈಸ್‌ಮಿಲ್ಲಿಗೆ ಅಂಟಿಕೊಂಡ ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಎಲ್ಲರಿಗೂ ಬೇಯಿಸಿ ಹಾಕುತ್ತಿದ್ದವಳು. ಮತ್ತು ಶಾಂಭವಿ ಮರೆಯದ ಇನ್ನೊಂದು: ತವುಡು ಒಯ್ಯಲು ಬರುವ ಹೆಂಗಸರ ಹತ್ತಿರ "ನಮ್ಮ ಶಾಂಭವಿ ಒಬ್ಬಾಕಿನ ಮಾತಾಡ್ತಾಳ" ಎಂದು ಮೊದಲು ಹಬ್ಬಿಸಿದವಳು ಅವಳೇ. ಜಂಬುನಾಥ ಬೆಳೆಸಿದ್ದು ಆ ಬೀಜವನ್ನು. ಬಿತ್ತಿದ್ದು ಅಕ್ಕ.

ಅರ್ಧ ಗಂಟೆಗೆಲ್ಲ ಸುನಂದಾ ಬಂದಳು. ಸೆರಗು ಹಣೆಯವರೆಗೆ ಎಳೆದುಕೊಂಡು ಒಬ್ಬಳೇ ನಡೆದು ಬಂದಿದ್ದಳು. ಮೇಜಿನ ಮೇಲೆ ಎಡಗೈ ಇಟ್ಟಳು. ಜಂಬಮ್ಮ ಹೆಸರು ಕೇಳದೆ ಪುಸ್ತಕ ಕೊಟ್ಟಳು.

ಸುನಂದಾ ಒಳಗೆ ಹೋಗಿ ಬಂದ ಮೇಲೆ ಶಾಂಭವಿ ಅವಳನ್ನು ಮಂಟಪದ ಹಿಂದೆ, ಪಾತ್ರೆ ತೊಳೆಯುವ ಕಲ್ಲಿನ ತೊಟ್ಟಿಯ ಹತ್ತಿರ ಹಿಡಿದಳು. ಸುನಂದಾ ಬೆದರಲಿಲ್ಲ. ಗುಳಿಗೆಯ ಪೊಟ್ಟಣವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಳು.

"ಆರಾಮದೀಯೇನು ಶಾಂಭವಿ?"

"ನೀವ ಹೇಳಬೇಕು ಅಕ್ಕಾರ. ನನ್ನ ನಿದ್ದಿ, ನನ್ನ ಊಟ, ನನ್ನ ಅಳು ಎಲ್ಲಾ ನಿಮ್ಮ ಹತ್ರ ಐತಲ್ಲ. ಹೆಂಗದೀನಿ ನಾನು?"

ಸುನಂದಾ ತೊಟ್ಟಿಯ ಅಂಚಿಗೆ ಕೂತಳು. ಬಹಳ ಹೊತ್ತು ಮಾತಾಡಲಿಲ್ಲ. ಪುಸ್ತಕದಲ್ಲಿ ಬರೆದಿದ್ದ ಹತ್ತು ನಿಮಿಷ ಹೇಗಿತ್ತೆಂದು ಶಾಂಭವಿಗೆ ಕಣ್ಣಾರೆ ಕಂಡಿತು.

"ಅವ ಹೋಗು ಅಂದ, ಹೋದೆ," ಎಂದಳು ಕೊನೆಗೆ. "ಮೊದಲನೇ ಸಲ ಕಾರಿನ್ಯಾಗ ಕರಕೊಂಡು ಬಂದು ಕಲಿಸಿಕೊಟ್ಟ. ನಗಬೇಕು, ಗ್ವಾಡಿ ನೋಡಿ ಮಾತಾಡಬೇಕು ಅಂತ. ನಾ ಕಲ್ತಕೊಂಡ ಹೋಗಿದ್ದೆ. ಡಾಕ್ಟ್ರಮ್ಮ, ರಾತ್ರಿ ನಿದ್ದಿ ಹೆಂಗ ಬರ್ತೈತಮ್ಮ ಅಂದ್ರು. ಅದನ್ನ ನನಗ ಈ ತನಕ ಯಾರೂ ಕೇಳಿದ್ದಿಲ್ಲ. ಕಲ್ತದ್ದು ಮರತೋತು. ಅಲ್ಲಿಂದ ಮುಂದ ಹೆಸರೊಂದ ಸುಳ್ಳು."

"ಆ ಸುಳ್ಳು ನನ್ನ ಹೆಸರು ಅಕ್ಕಾರ."

"ಹೂಂ."

"ನಿಮಗ ಜಡ್ಡಿತ್ತು ಅಂದ್ರ ನಿಮ್ಮ ಹೆಸರಿಗೆ ಬರಸಬೇಕಿತ್ತು."

"ಕೇಳಿದ್ದೆ. ರಂಡಿಮುಂಡಿಗೆ ಎಂಥಾ ನಿದ್ದಿ ಜಡ್ಡು, ತವುಡು ಕೇರು ಬರ್ತೈತಿ ಅಂದ. ನಿನ್ನ ಹೆಸರಿಗಾದ್ರ ಕಾರ್ ಕೊಟ್ಟು ಕಳಿಸ್ತಿದ್ದ. ಈಗ ಕಾರೂ ಇಲ್ಲ, ಹೆಂಗೂ ಹೋಗ್ತಾಳ ಅಂತ ಬಿಟ್ಟಾನ. ಗುಳಿಗಿ ಮೋರಿಗೆ ಒಗದೆ ಅಂತ ಅವನಿಗೆ ಹೇಳೀನಿ. ಒಂದೂ ಒಗದಿಲ್ಲ, ಎಲ್ಲಾ ನುಂಗೀನಿ."

ಶಾಂಭವಿ ಅವಳ ಮುಖವನ್ನು ಆಗ ಸರಿಯಾಗಿ ನೋಡಿದಳು. ಎರಡು ವರ್ಷದ ಹಿಂದಿನ ಸುನಂದಾಳ ಕಣ್ಣ ಸುತ್ತ ಇರುತ್ತಿದ್ದ ಕಪ್ಪು ಹೋಗಿತ್ತು. ತನ್ನ ಹೆಸರು ತಿಂದು ಇವಳು ಚೇತರಿಸಿಕೊಂಡಿದ್ದಾಳೆ. ಆ ಯೋಚನೆ ಒಳಗೆ ಕೆಂಡದಂತೆ ಇಳಿಯಿತು.

"ಬೆರಳು ಯಾಕ ತೋರಿಸಿದ್ರಿ? ಕುತ್ತಿಗಿ ಮ್ಯಾಲ ಮಚ್ಚಿ ಐತಿ ನಿಮಗ. ಅದು ನನಗೂ ಐತಿ. ಅದನ್ನ ಬರಸಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ."

"ಗೊತ್ತಾಗ್ತಿದ್ದಿಲ್ಲ," ಎಂದಳು ಸುನಂದಾ. "ಅದಕ್ಕ ಕೈ ತೋರಿಸಿದೆ. ಅವ ಅತ್ತ ಫೋನ್‌ನ್ಯಾಗ ಮಾತಾಡಾಕ ಹತ್ತಿದ್ದ, ನೋಡಲಿಲ್ಲ. ಯಾರರ ಒಬ್ಬರು ಓದ್ತಾರ ಅಂದಕೊಂಡಿದ್ದೆ. ಇಷ್ಟು ತಡ ಆಗ್ತೈತಿ ಅಂದಕೊಂಡಿರಲಿಲ್ಲ."

ಅವಳ ದನಿಯಲ್ಲಿ ಅಳು ಇರಲಿಲ್ಲ, ಕ್ಷಮೆಯ ಬೇಡಿಕೆಯೂ ಇರಲಿಲ್ಲ. ಮಿಲ್ಲಿನಲ್ಲಿ ತನಗಿದ್ದ ಪಾಲನ್ನು ಬರೆಸಿಕೊಳ್ಳಲು ತಮ್ಮ ಸಹಿ ಹಾಕಿಸಿಕೊಂಡ ದಿನ, ಅಡಿಗೆಮನೆಗೆ ಹೊರಗಿನಿಂದ ಚಿಲಕ ಹಾಕಿದ ದಿನ, ಎಲ್ಲವನ್ನೂ ಹೇಳಿದಳು. ಶಾಂಭವಿಗೆ ತಿಳಿಯಿತು: ತನ್ನಲ್ಲಿರುವ ವಿಷ ಇವಳಲ್ಲೂ ಇದೆ, ತನಗಿಂತ ಹಳೆಯದು.

"ಮುಂದಿನ ವಾಯಿದೆಗೆ ನಿಮ್ಮನ್ನ ಕೋರ್ಟಿಗೆ ಕರಸ್ತೀನಿ. ಆ ಕೈ ಅಲ್ಲಿ ಎತ್ತಿ ತೋರಿಸ್ರಿ."

"ತೋರಿಸ್ತೀನಿ. ನಾಕು ತಿಂಗಳು ತಡಿ."

"ಯಾಕ?"

"ಡಾಕ್ಟ್ರಮ್ಮ ಇನ್ನಾ ನಾಕು ತಿಂಗಳು ತಗೋಬೇಕು, ನಡುವ ಬಿಟ್ರ ಮತ್ತ ಬರ್ತೈತಿ ಅಂದಾರ. ಈಗ ಗೊತ್ತಾದ್ರ ಅವ ನನ್ನ ಹೊಸಲು ದಾಟಸಂಗಿಲ್ಲ. ನಾ ಬಾವಿ ಕಡಿ ಮತ್ತ ಹೋಗಬಾರದು ಶಾಂಭವಿ."

ನಾಲ್ಕು ತಿಂಗಳು. ಇನ್ನೂ ನಾಲ್ಕು ತಿಂಗಳು ಶಾಲೆಯಿಲ್ಲ, ಹಿಂದಿನಿಂದ ಪಿಸುಗುಡುವ ಕುರುಗೋಡಿನ ಓಣಿ ಇದೆ. ತನಗೆ ಹುಚ್ಚಿ ಎಂಬ ಹೆಸರು ತಂದವಳಿಗಾಗಿ ಆ ಹೆಸರನ್ನೇ ಹೊತ್ತು ತಿರುಗಬೇಕು. "ಆಗಂಗಿಲ್ಲ" ಎಂದು ಹೇಳಿ ಶಾಂಭವಿ ಬಸ್‌ಸ್ಟ್ಯಾಂಡಿಗೆ ನಡೆದಳು. ಸುನಂದಾ ಹಿಂದೆ ಬರಲಿಲ್ಲ, ಕರೆಯಲೂ ಇಲ್ಲ.

ಮರುದಿನ ಎರ್ರಿಸ್ವಾಮಿ ಎಲ್ಲವನ್ನೂ ಕೇಳಿ, ಜೆರಾಕ್ಸಿನ ಮೂಲೆಯನ್ನು ಭೂತಗನ್ನಡಿಯಲ್ಲಿ ನೋಡಿ, ಅಡಿಕೆಯನ್ನು ದವಡೆ ಬದಲಿಸಿದರು.

"ಇಷ್ಟ ಸಾಕು. ಆ ಕಡಿ ವಕೀಲಗ ಒಂದು ಫೋನ್ ಮಾಡಿದ್ರ ನಾಳೆ ಕೇಸ್ ವಾಪಸ್ ತಗೊಂತಾನ. ನಿಮ್ಮ ಹೆಸರು ಚೊಕ್ಕ ಆಗ್ತೈತಿ."

"ಅವನಿಗೇನ್ ಆಗ್ತೈತಿ?"

"ಏನೂ ಆಗಂಗಿಲ್ಲ. ಬ್ಯಾರೆ ಕಾರಣ ಬರದು ಬ್ಯಾರೆ ಕೇಸ್ ಹಾಕ್ತಾನ."

"ಹಂಗಾದ್ರ ಬ್ಯಾಡ್ರಿ."

ಎರ್ರಿಸ್ವಾಮಿ ಅವಳನ್ನು ಒಮ್ಮೆ ನೋಡಿದರು. "ಅವ ಪ್ರಮಾಣ ಮಾಡಿ, ಡಾಕ್ಟ್ರ ಮುಂದ ಕುಂತಾಕಿ ನನ್ನ ಹೆಂಡ್ತಿನ ಅಂತ ಬಾಯಿಂದ ಹೇಳಬೇಕು. ಆಮ್ಯಾಲ ನಾವು ಬಾಯಿ ತೆಗೀಬೇಕು. ಅದಕ್ಕ ಟೈಮ್ ಹಿಡೀತೈತಿ. ನಾಕೈದು ತಿಂಗಳು. ತಡೀತೀರಾ?"

ಶಾಂಭವಿ ತಡೆಯುತ್ತೇನೆ ಎಂದಳು. ಸುನಂದಾಳಿಗೆ ಸಿಗದ ನಾಲ್ಕು ತಿಂಗಳು ಅವನ ಸರ್ವನಾಶಕ್ಕೆ ಕೂಡಲೇ ಸಿಕ್ಕಿತು.

ಆದರೆ ಎರಡನೇ ತಿಂಗಳ ಕ್ಯಾಂಪಿಗೆ ಸುನಂದಾ ಬರಲಿಲ್ಲ. ಶಾಂಭವಿ ಕಂಬದ ಮರೆಯಲ್ಲಿ ಮಧ್ಯಾಹ್ನದವರೆಗೆ ಕಾದಳು. ಮಿಲ್ಲಿನಲ್ಲಿ ಕೇರುವ ಹೆಂಗಸೊಬ್ಬಳು ಜಂಬಮ್ಮನ ಹತ್ತಿರ ಹೇಳುತ್ತಿದ್ದಳು: ಸಾಕಷ್ಟು ಕಾಗದ ಆಯಿತು, ಇನ್ನು ಹೋಗುವುದು ಬೇಡ ಎಂದು ಯಜಮಾನರು ಅಂದಿದ್ದಾರಂತೆ. ಶಾಂಭವಿ ಅಲ್ಲಿಂದಲೇ ವಕೀಲರಿಗೆ ಫೋನು ಹಚ್ಚಿದಳು. ಮುಂದಿನ ವಾರ ಕೋರ್ಟಿಗೆ ಒಂದು ತಕರಾರು ಹೋಯಿತು. ಪ್ರತಿವಾದಿ ಶಾಂಭವಿಗೆ ಈಗ ಯಾವ ಚಿಕಿತ್ಸೆಯೂ ನಡೆಯುತ್ತಿಲ್ಲ, ಆದ್ದರಿಂದ ಕಾಯಿಲೆಯೇ ಇಲ್ಲ ಎಂದು ಅದರ ಸಾರ. ಅದನ್ನು ಓದಿದ ಜಂಬುನಾಥ ಉರಿದು, ಅಕ್ಕನನ್ನು ತಾನೇ ಕಾರಿನಲ್ಲಿ ಬಳ್ಳಾರಿಗೆ, ಟ್ರಸ್ಟಿನ ಕಛೇರಿಗೇ ಕರೆದೊಯ್ದು, ಡಾಕ್ಟರಮ್ಮನ ಮುಂದೆ ಕೂರಿಸಿ ಗುಳಿಗೆ ಬರೆಸಿದ. ಮುಂದಿನ ತಿಂಗಳೂ ಕರೆದೊಯ್ದ, ಅದರ ಮುಂದಿನದೂ. ಪ್ರತಿ ಸಲದ ಹೊಸ ಹಾಳೆ ಕೋರ್ಟಿಗೆ ಬಂದು ಬೀಳುತ್ತಿತ್ತು. ವಕೀಲರು ಅದನ್ನು ಶಾಂಭವಿಗೆ ತೋರಿಸುತ್ತಿದ್ದರು. ನಿದ್ದೆ ಆರು ತಾಸು. ಹಸಿವು ಇದೆ. ನಕ್ಕರು. ಮನೆಯಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದ ಶಾಂಭವಿ ಅದನ್ನು ಓದಿ ಹಲ್ಲು ಕಚ್ಚುತ್ತಿದ್ದಳು.

ಓಣಿಯಲ್ಲಿ ಅವಳದೇ ತರಗತಿಯ ಮಕ್ಕಳು "ಹುಚ್ಚಿ ಟೀಚರ್" ಎಂದು ಓಡಿ ಹೋದರು. ಚನ್ನಬಸಮ್ಮ ಮಗಳ ಕೈಗೆಂದು ತಾಯಿತ ಮಾಡಿಸಿಕೊಂಡು ಬಂದಳು. "ನಿನಗೇನ್ ಆಗಿಲ್ಲ ಅಂತ ನನಗ ಗೊತ್ತವ್ವ, ಆದ್ರೂ ಇರಲಿ" ಅಂದಳು. ಆ "ಆದ್ರೂ" ಶಾಂಭವಿಗೆ ನೋಟೀಸಿಗಿಂತ ಹೆಚ್ಚು ಚುಚ್ಚಿತು. ತಾಯಿತವನ್ನು ಕಟ್ಟಿಸಿಕೊಂಡಳು. ಇದನ್ನೂ ಅವನ ಲೆಕ್ಕಕ್ಕೆ ಬರೆದುಕೊಂಡಳು.

ವಿಚಾರಣೆಯ ದಿನ ಬಳ್ಳಾರಿಯಲ್ಲಿ ಬಿಸಿಲು ಬೆಳಿಗ್ಗೆಯೇ ಕಾದಿತ್ತು. ಕೌಟುಂಬಿಕ ನ್ಯಾಯಾಲಯದ ಆ ಚಿಕ್ಕ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿಗಿಂತ ಹೆಚ್ಚಿಗೆ ಇರಲಿಲ್ಲ. ಮೇಲೆ ಕೂತ ನ್ಯಾಯಾಧೀಶರು ನಡುವಯಸ್ಸಿನ ಹೆಂಗಸು. ಬಿಳಿ ಅಂಗಿ ತೊಟ್ಟ ಜಂಬುನಾಥ ಕಟಕಟೆಯಲ್ಲಿ ನಿಂತು, ಹೆಂಡತಿಯ ಹುಚ್ಚಿನಿಂದ ತಾನು ನೊಂದದ್ದನ್ನು ಚೆನ್ನಾಗಿ ಹೇಳಿದ. ಎರ್ರಿಸ್ವಾಮಿ ಎದ್ದರು. ದನಿಯನ್ನು ಮೆತ್ತಗೆ ಮಾಡಿಕೊಂಡಿದ್ದರು.

"ಪ್ರತಿ ಸಲ ನೀವ ಕರಕೊಂಡು ಹೋಗಿದ್ರಾ?"

"ನಾನ ರೀ. ಕುರುಗೋಡಿಗೆ ಹೋಗಿ, ಕಾರಿನ್ಯಾಗ ಕುಂದ್ರಿಸಿಕೊಂಡು."

"ಒಂದು ಸಲನೂ ಬ್ಯಾರೆಯವರು ಹೋಗಿಲ್ಲ?"

"ಗಂಡ ನಾನು. ಬ್ಯಾರೆಯವರು ಯಾಕ ಹೋಗ್ತಾರ?"

"ಡಾಕ್ಟ್ರ ಮುಂದ ಕುಂತಾಕಿ ಶಾಂಭವಿನ?"

"ಮತ್ಯಾರು?"

ಟೈಪಿಸ್ಟು ಎಲ್ಲವನ್ನೂ ಬಡಿದ. ಜಂಬುನಾಥ ಸಹಿ ಹಾಕಿ ಕೆಳಗಿಳಿದ. ಶಾಂಭವಿಯ ಕಡೆಯ ಸಾಕ್ಷಿಯೆಂದು ಸುನಂದಾಳ ಹೆಸರು ಕೂಗಿದಾಗಲೂ ಅವನು ಗಾಬರಿಯಾಗಲಿಲ್ಲ. ಸಮನ್ಸು ಬಂದ ದಿನವೇ ಏನು ಹೇಳಬೇಕೆಂದು ಅಕ್ಕನಿಗೆ ಕಲಿಸಿದ್ದ. ಬೆಳಿಗ್ಗೆ ತನ್ನ ಕಾರಿನಲ್ಲೇ ಕರೆತಂದಿದ್ದ. ಅವಳ ಕೈಯಲ್ಲಿ ಬಟ್ಟೆಯ ಚೀಲವೊಂದಿತ್ತು, ಅದರಲ್ಲಿ ಏನಿದೆ ಎಂದು ಅವನು ಕೇಳಿರಲಿಲ್ಲ.

"ಹೆಸರು?"

"ಸುನಂದಾ ರೀ."

"ಈ ಕ್ಯಾಂಪಿನ ಪುಸ್ತಕ ಯಾರದು?" ಎರ್ರಿಸ್ವಾಮಿ ಕೇಳಿದರು.

"ಹೆಸರು ಶಾಂಭವಿದು. ಒಳಗಿರೋದೆಲ್ಲ ನಂದು."

ಅವಳು ಎಡಗೈಯನ್ನು ಕಟಕಟೆಯ ಕಂಬಿಯ ಮೇಲೆ ಇಟ್ಟಳು. ಎತ್ತಿ ತೋರಿಸಲಿಲ್ಲ, ಕ್ಯಾಂಪಿನ ಮೇಜಿನ ಮೇಲೆ ಇಡುವಂತೆಯೇ ಇಟ್ಟಳು. ಎರ್ರಿಸ್ವಾಮಿ ಮೊದಲ ಹಾಳೆಯ ಮೂಲೆಯನ್ನು ನ್ಯಾಯಾಧೀಶರಿಗೆ ತೋರಿಸಿದರು. ಅವರು ಹಾಳೆ ನೋಡಿದರು, ಕೈ ನೋಡಿದರು. ಆ ಮೇಲೆ ಶಾಂಭವಿಯ ಕೈ ನೋಡಿದರು.

"ಕಲಿಸಿ ಕರಕೊಂಡು ಬಂದಾರ," ಎಂದು ಎದುರು ವಕೀಲ ಏಳುವಷ್ಟರಲ್ಲಿ ಜಂಬುನಾಥ ತಾನೇ ಎದ್ದು ನಿಂತಿದ್ದ. ಅವನ ಮುಖ ಕೆಂಪಾಗಿತ್ತು.

"ಮೇಡಂ, ಆಕಿ ಮಾತು ಕೇಳಬ್ಯಾಡ್ರಿ. ಆಕಿಗೆ ತಲಿ ಸರಿ ಇಲ್ಲ. ಒಂದೂವರಿ ವರ್ಷ ಆತು ಗುಳಿಗಿ ಮ್ಯಾಲ ಅದಾಳ. ಬೇಕಂದ್ರ ಡಾಕ್ಟ್ರಮ್ಮನ್ನ ಕೇಳ್ರಿ, ತಿಂಗಳಾ ತಿಂಗಳಾ ನಾನ ಒಯ್ದು ತೋರಿಸೀನಿ."

ಅವನ ವಕೀಲ ಅಂಗಿಯ ತೋಳು ಹಿಡಿದು ಜಗ್ಗಿದ. ತಡವಾಗಿತ್ತು.

"ಯಾವ ಡಾಕ್ಟ್ರು?" ನ್ಯಾಯಾಧೀಶರು ಕೇಳಿದರು.

ಅವನು ಬಾಯಿ ತೆರೆದ.

"ಈಕೆಯ ಹೆಸರಿನಲ್ಲಿ ಚಿಕಿತ್ಸೆಯ ಪುಸ್ತಕ ಇದ್ದರೆ ಹಾಜರು ಮಾಡಿ."

ಶಾಂಭವಿ ಬಹಳ ಮೌನಗಳನ್ನು ಕಂಡವಳು. ಊಟದ ತಟ್ಟೆಯ ಮುಂದಿನದು, ಹಾಸಿಗೆಯದು, ಎತ್ತದ ಫೋನಿನದು. ಅವೆಲ್ಲ ಅವನು ಅವಳಿಗೆ ಕೊಟ್ಟವು. ಈಗಿ‍ನದು ಅವನು ತನಗೆ ತಾನೇ ತಂದುಕೊಂಡದ್ದು. ಅಕ್ಕನನ್ನು ಒಯ್ದದ್ದು ಹೌದು ಅಂದರೆ ಪುಸ್ತಕ ಅಕ್ಕನದು, ತಾನು ಗಳಿಗೆಯ ಹಿಂದೆ ಮಾಡಿದ ಪ್ರಮಾಣ ಸುಳ್ಳು. ಇಲ್ಲ ಅಂದರೆ ಅಕ್ಕ ಶಾಣ್ಯಾಕಿ, ಅವಳು ಹೇಳಿದ್ದೆಲ್ಲ ನಿಜ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅವನ ಕುತ್ತಿಗೆಯ ಮೇಲೆ ಬೆವರು ಇಳಿಯುವುದನ್ನು ಶಾಂಭವಿ ಹನಿ ಹನಿಯಾಗಿ ನೋಡಿದಳು. ಅವಳಿಗೆ ನಾಚಿಕೆಯಾಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹೀಗೆಯೇ ಇರಲಿ ಎನಿಸಿತು.

ಸುನಂದಾ ತಮ್ಮನ ಕಡೆ ತಿರುಗಲಿಲ್ಲ. "ಗುಳಿಗಿ ತಗೊಂಡಿದ್ದು ಖರೇ ರೀ," ಎಂದಳು ನ್ಯಾಯಾಧೀಶರಿಗೆ. "ಹೋದ ಭಾನುವಾರಕ್ಕ ಮುಗೀತು. ಈಗ ನಿದ್ದಿ ಚಲೋ ಬರ್ತೈತಿ, ಅದಕ್ಕ ನೆಪ್ಪೂ ಚಲೋ ಐತಿ. ಯಾವ ತಾರೀಖಿಂದು ಬೇಕು ಕೇಳ್ರಿ."

ಅವರು ಕೇಳಿದರು. ಅವಳು ಹೇಳಿದಳು. ಚಿಲಕ ಹಾಕಿದ್ದು, ಸಹಿ ಹಾಕಿಸಿದ್ದು, ಕಾರಿನಲ್ಲಿ ನಗುವುದನ್ನು ಕಲಿಸಿದ್ದು. ಟೈಪಿಸ್ಟು ಎರಡು ಸಲ ನಿಧಾನ ಎಂದ. ಅರ್ಜಿ ಬಿದ್ದುಹೋಯಿತು. ಸುಳ್ಳು ಸಾಕ್ಷಿಗಾಗಿ ಜಂಬುನಾಥನ ಮೇಲೆ ಬೇರೆಯೇ ದೂರು ಹೋಗಬೇಕೆಂದು ಆದೇಶವಾಯಿತು. ಬಳ್ಳಾರಿಯ ಹುಡುಗಿಯ ಕಡೆಯವರು ಅದೇ ವಾರ ಬೇರೆ ಕಡೆ ನೋಡಿಕೊಂಡರೆಂದು ಆಮೇಲೆ ತಿಳಿಯಿತು.

ಅಂದು ಸಂಜೆ ಬಳ್ಳಾರಿಯ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಹೆಂಗಸರು ಒಂದೇ ಬೆಂಚಿನ ಎರಡು ತುದಿಗೆ ಕೂತಿದ್ದರು. ಶಾಂಭವಿಗೆ ಕುಣಿಯಬೇಕೆನಿಸಬೇಕಿತ್ತು. ತಾನು ನಾಲ್ಕು ತಿಂಗಳು ಮಸೆದ ಕತ್ತಿಯನ್ನು ಬೇರೆಯವಳು ಬೀಸಿದಳು ಎಂಬ ಸಣ್ಣ ಉರಿ ಉಳಿದಿತ್ತು. ತಮ್ಮನ ಮನೆಗೆ ಇನ್ನು ಹೋಗಲಾರದ ಈ ಹೆಂಗಸನ್ನು ಇಲ್ಲೇ ಬಿಟ್ಟು ಬಸ್ಸು ಹತ್ತಿದರೂ ಯಾರೂ ಏನೂ ಅನ್ನುವಂತಿರಲಿಲ್ಲ. ಕುರುಗೋಡಿನ ಒಂದು ಬಸ್ಸು ಬಂದು ಹೋಯಿತು. ಶಾಂಭವಿ ಏಳಲಿಲ್ಲ. ಸುನಂದಾ ಬೇಡಿಕೊಳ್ಳಲಿ ಎಂದು ಕಾದಳು. ಸುನಂದಾ ಬೇಡಲಿಲ್ಲ.

ಎರಡನೆಯದು ಬಂದಾಗ ಶಾಂಭವಿ ಎದ್ದಳು.

"ಮನ್ಯಾಗ ಜಾಗ ಸಣ್ಣದು. ಪಡಸಾಲ್ಯಾಗ ಮಲಗಬೇಕು."

"ಆಗಲಿ."

"ನಮ್ಮವ್ವನ ಮುಂದ ನನ್ನ ಬಗ್ಗೆ ಒಂದು ಮಾತು ಆಡಬಾರದು. ನಾ ಒಬ್ಬಾಕಿನ ಮಾತಾಡಿದ್ರೂ ಕೇಳಿಸ್ಕೊಬಾರದು."

"ಇಲ್ಲ."

"ಮತ್ತ ನಿದ್ದಿ ಕೆಟ್ರ ದೊಡ್ಡಾಸ್ಪತ್ರಿಗೆ ನೀವ ಹೋಗಬೇಕು. ನಿಮ್ಮ ಹೆಸರಿಗೆ ಚೀಟಿ ಮಾಡಿಸಬೇಕು. ನಾ ಜೋಡಿ ಬರಂಗಿಲ್ಲ."

ಸುನಂದಾ ಸೀರೆ ತುಂಬಿದ ಚೀಲ ಎತ್ತಿಕೊಂಡಳು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು, "ಕುರುಗೋಡಿಂದ ಇಲ್ಲಿ ದೊಡ್ಡಾಸ್ಪತ್ರಿಗೆ ಬರಾಕ ಮುಂಜಾನೆ ಮೊದಲ ಬಸ್ಸು ಎಷ್ಟಕ್ಕ ಐತಿ?" ಎಂದು ಕೇಳಿದಳು.

ಶಾಂಭವಿಗೆ ಗೊತ್ತಿತ್ತು. ಹೇಳಲಿಲ್ಲ. ಸ್ಟ್ಯಾಂಡಿನಲ್ಲಿ ಬೋರ್ಡಿನ ಮೇಲೆ ಬರೆದಿದೆ, ಓದಲು ಬರುತ್ತದಲ್ಲ, ಓದಿಕೊಳ್ಳಲಿ ಎಂದುಕೊಂಡು ಕಿಟಕಿಯ ಸೀಟು ಹಿಡಿದಳು.